ಪುರುಸೊತ್ತಿನ ಪ್ರವಾಸಕ್ಕೂ ಒಂದು ಲೆಕ್ಕವಿದೆ

ಒಂದು ಊರಿನಿಂದ ಇನ್ನೊಂದು ಊರಿಗೆ ಬಿಡಾರ ಬದಲಿಸಲು ಎಷ್ಟು ಹೊತ್ತು ಬೇಕು? ನಕ್ಷೆ ಎರಡು ಗಂಟೆ ಎನ್ನುತ್ತದೆ. ಅದು ಚಕ್ರ ಉರುಳುವ ಹೊತ್ತು ಮಾತ್ರ. ಬೆಳಿಗ್ಗೆ ಎದ್ದು ಹರಡಿದ್ದನ್ನೆಲ್ಲ ಚೀಲಕ್ಕೆ ತುಂಬಲು ಮುಕ್ಕಾಲು ಗಂಟೆ, ಲೆಕ್ಕ ಚುಕ್ತಾ ಮಾಡಿ ನಿಲ್ದಾಣ ಮುಟ್ಟಲು ಇನ್ನೊಂದು ಮುಕ್ಕಾಲು ಗಂಟೆ, ಅಲ್ಲಿ ಕಾಯಲು ಅರ್ಧ ಗಂಟೆ. ಎರಡು ಗಂಟೆಯ ಪ್ರಯಾಣ ಮುಗಿಸಿ ಇಳಿದ ಮೇಲೆ ದಿಕ್ಕು ತಿಳಿದು ಹೊಸ ಜಾಗ ಹುಡುಕಲು ಅರ್ಧ ಗಂಟೆ. ಹಳೆಯ ಕೋಣೆಯನ್ನು 10 ಅಥವಾ 11 ಗಂಟೆಗೆ ಬಿಟ್ಟುಕೊಡಬೇಕು, ಹೊಸದು ಕೈಗೆ ಸಿಗುವುದು ಮಧ್ಯಾಹ್ನ 2 ಅಥವಾ 3ಕ್ಕೆ. ನಡುವೆ ಉಳಿದ ಹೊತ್ತು ಚೀಲ ಕಾಯುವುದರಲ್ಲಿ, ಮತ್ತೆ ಬಿಚ್ಚಿ ಜೋಡಿಸುವುದರಲ್ಲಿ ಹೋಗುತ್ತದೆ. ಎಲ್ಲ ಕೂಡಿಸಿದರೆ ಒಂದು ಬದಲಾವಣೆಗೆ ಆರು ಗಂಟೆ. ಹತ್ತು ದಿನಕ್ಕೆ ಐದು ಊರು ಎಂದರೆ ನಾಲ್ಕು ಬದಲಾವಣೆ, 24 ಗಂಟೆ. ಎಚ್ಚರವಾಗಿರುವುದು ದಿನಕ್ಕೆ 16 ಗಂಟೆ ಎಂದುಕೊಂಡರೆ ಒಂದೂವರೆ ದಿನ ಗಂಟುಮೂಟೆ ಕಟ್ಟುವುದಕ್ಕೇ ಸಂದಾಯವಾಯಿತು. ಅದೇ ಹತ್ತು ದಿನವನ್ನು ಎರಡೇ ಊರಿನಲ್ಲಿ ಕಳೆದರೆ ಖರ್ಚಾಗುವುದು ಆರು ಗಂಟೆ.

ಹೀಗೆ ಕಡಿಮೆ ಊರಿನಲ್ಲಿ ಹೆಚ್ಚು ದಿನ ನಿಲ್ಲುವ ನಿಧಾನದ ಪ್ರವಾಸದ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಮನಸ್ಸಿನ ನೆಮ್ಮದಿಯಿಂದ ಶುರುಮಾಡುತ್ತಾರೆ. ನನಗೆ ಈ ಗಂಟೆಗಳ ಲೆಕ್ಕವೇ ಮೊದಲು. ನೆಮ್ಮದಿ ಇದರ ಹಿಂದೆಯೇ ಬರುತ್ತದೆ.

ನಿದ್ದೆಯ ಲೆಕ್ಕವೂ ಇದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ ಎನ್ನುವುದು ಎಲ್ಲರ ಅನುಭವ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ, ಯುಕಾ ಸಸಾಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣವನ್ನು ತೋರಿಸಿತು. ಅಪರಿಚಿತ ಜಾಗದಲ್ಲಿ ಮಲಗಿದ ಮೊದಲ ರಾತ್ರಿಯ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗದ ಒಂದು ಜಾಲ ಬಲಭಾಗದಷ್ಟು ಆಳಕ್ಕೆ ಇಳಿಯುವುದಿಲ್ಲ, ಸಣ್ಣ ಸದ್ದಿಗೂ ಬೇಗ ಎಚ್ಚರಗೊಳ್ಳುತ್ತದೆ. ಅದೇ ಜಾಗದಲ್ಲಿ ಮತ್ತೆ ಮಲಗಿಸಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ಐದು ಊರಿನ ಪ್ರವಾಸದಲ್ಲಿ ಐದು ರಾತ್ರಿ ಅರೆಕಾವಲಿನ ನಿದ್ದೆ. ನಾಲ್ಕನೇ ದಿನ ಕಾರಣವಿಲ್ಲದೆ ಸಿಡುಕು ಬರುವುದಕ್ಕೆ ಇದೂ ಒಂದು ಮೂಲ.

ನೆದರ್‌ಲ್ಯಾಂಡ್ಸ್‌ನ ಜೆಸ್ಸಿಕಾ ಡಿ ಬ್ಲೂಮ್ ಮತ್ತು ಸಂಗಡಿಗರು ದೀರ್ಘ ರಜೆಗೆ ಹೋದ 54 ಉದ್ಯೋಗಿಗಳನ್ನು ರಜೆಯ ಮುಂಚೆ, ನಡುವೆ ಮತ್ತು ಆಮೇಲೆ ಮಾತಾಡಿಸಿದ್ದರು. ಅವರ ಆರೋಗ್ಯ ಮತ್ತು ಲವಲವಿಕೆ ಶಿಖರ ಮುಟ್ಟಿದ್ದು ಎಂಟನೇ ದಿನ. ಆ ಎಂಟನೇ ದಿನವನ್ನು ಬಸ್ ನಿಲ್ದಾಣದಲ್ಲಿ ಕಳೆಯುವಂತೆ ಯೋಜನೆ ಹಾಕುವುದು ಎಂಥ ನಷ್ಟ! ಇನ್ನೊಂದು ಡಚ್ ಅಧ್ಯಯನ 2010ರದು. ಜೆರೋಯೆನ್ ನವೈನ್ ಮತ್ತು ಸಂಗಡಿಗರು 1,530 ಜನರನ್ನು ಗಮನಿಸಿದರು. ಪ್ರವಾಸಕ್ಕೆ ಹೊರಡುವವರು ಮನೆಯಲ್ಲಿ ಉಳಿದವರಿಗಿಂತ ಹೊರಡುವ ಮುಂಚೆಯೇ ಹೆಚ್ಚು ಖುಷಿಯಲ್ಲಿದ್ದರು. ಹಿಂದಿರುಗಿದ ಮೇಲೆ ಮಾತ್ರ ಬಹುತೇಕರಲ್ಲಿ ಆ ವ್ಯತ್ಯಾಸ ಅಳಿಸಿಹೋಗಿತ್ತು. ಉಳಿದದ್ದು ತಮ್ಮ ರಜೆ ತುಂಬ ನಿರಾಳವಾಗಿತ್ತು ಎಂದವರಲ್ಲಿ. ಈ ಅಧ್ಯಯನದಿಂದ ನಾನು ಎರಡು ಪಾಠ ಎತ್ತಿಕೊಳ್ಳುತ್ತೇನೆ. ಎದುರು ನೋಡುವ ಸುಖ ನಿಜವಾದದ್ದು, ಆದ್ದರಿಂದ ಹೋಗುವ ಊರಿನ ಬಗ್ಗೆ ತಿಂಗಳುಗಟ್ಟಲೆ ಓದಿ, ನಕ್ಷೆ ಬಿಡಿಸಿ ನೋಡಿ, ಅಲ್ಲಿಯ ಭಾಷೆಯ ನಾಲ್ಕು ಮಾತು ಕಲಿಯಿರಿ. ಆದರೆ ಮರಳಿದ ಮೇಲೂ ಉಳಿಯುವ ಸುಖ ನಿರಾಳವಾದ ರಜೆಯದು, ಆದ್ದರಿಂದ ಓದಿದ್ದನ್ನೆಲ್ಲ ಮುಂಗಡ ಟಿಕೆಟ್ ಮಾಡಿಬಿಡಬೇಡಿ.

ಇಡೀ ವಿಷಯದ ತಿರುಳು ಇಲ್ಲಿದೆ. ಯೋಜನೆ ಕಡಿಮೆ ಮಾಡುವುದು ಎಂದರೆ ಬೇಜವಾಬ್ದಾರಿಯಿಂದ ಹೊರಡುವುದಲ್ಲ. ತೀರ್ಮಾನವನ್ನು ಅದಕ್ಕೆ ಬೇಕಾದ ಮಾಹಿತಿ ಕೈಗೆ ಬರುವ ಹೊತ್ತಿಗೆ ಮುಂದೂಡುವುದು. ಮೂರು ತಿಂಗಳ ಹಿಂದೆ ಮನೆಯಲ್ಲಿ ಕೂತು ‘ಬುಧವಾರ ಬೆಟ್ಟ, ಗುರುವಾರ ಮ್ಯೂಸಿಯಂ’ ಎಂದು ಬರೆದಾಗ ಬುಧವಾರ ಮಳೆ ಬರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಹವಾಮಾನದ ಮುನ್ಸೂಚನೆ ಮೂರು ದಿನಕ್ಕೆ ಚೆನ್ನಾಗಿ ನಂಬಬಹುದು, ಐದು ದಿನಕ್ಕೆ ಪರವಾಗಿಲ್ಲ, ಹತ್ತು ದಿನ ದಾಟಿದರೆ ಊಹೆಯ ಮಟ್ಟ. ಮೊಣಕಾಲು ನೋಯುತ್ತದೋ, ಮಗು ಚೆನ್ನಾಗಿ ನಿದ್ದೆ ಮಾಡಿರುತ್ತದೋ, ಆ ಊರಿನ ಹೊಳೆಯ ದಂಡೆ ಮತ್ತೊಮ್ಮೆ ಹೋಗಬೇಕೆನ್ನಿಸುವಷ್ಟು ಹಿಡಿಸುತ್ತದೋ, ಯಾವುದೂ ಗೊತ್ತಿರುವುದಿಲ್ಲ. ಹಿಂದಿನ ಸಂಜೆ ಏಳು ಗಂಟೆಗೆ ಇದೆಲ್ಲ ಗೊತ್ತಿರುತ್ತದೆ. ಮೇಲಾಗಿ, ಮನುಷ್ಯ ತನ್ನ ಕೆಲಸಕ್ಕೆ ಬೇಕಾಗುವ ಸಮಯವನ್ನು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾನೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ ಎಂದು ಹೆಸರಿಟ್ಟರು. ಗಂಟೆಗೊಂದು ಜಾಗ ಎಂದು ಬರೆದ ಪಟ್ಟಿ ಹನ್ನೊಂದು ಗಂಟೆಗೇ ತಡವಾಗಿರುತ್ತದೆ. ಆಮೇಲಿನದೆಲ್ಲ ಬಂದ ಪುಟ್ಟ ಹೋದ ಪುಟ್ಟ.

ಹಾಗೆಂದು ಎಲ್ಲವನ್ನೂ ಮುಂದೂಡಲು ಆಗುವುದಿಲ್ಲ. ಕೆಲವು ತೀರ್ಮಾನಗಳಿಗೆ ತಡ ಮಾಡಿದರೆ ಬಾಗಿಲೇ ಮುಚ್ಚುತ್ತದೆ. ಯೋಜನೆಯಿಲ್ಲದೆ ಹೊರಟು ಪೆಟ್ಟು ತಿನ್ನುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಕಾಗದಪತ್ರ. ಅನೇಕ ದೇಶಗಳ ವೀಸಾ ಅರ್ಜಿಯ ಜೊತೆ ಎಲ್ಲಿ ಉಳಿಯುತ್ತೀರಿ, ಯಾವತ್ತು ಮರಳುತ್ತೀರಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಇದಕ್ಕೆ ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ಬುಕಿಂಗ್ ಇದೆ, ಆದರೆ ಅರ್ಜಿಯಲ್ಲಿ ತೋರಿಸಿದ ಮುಖ್ಯ ದೇಶ ಮತ್ತು ಅವಧಿ ನಿಜವಾದದ್ದೇ ಆಗಿರಲಿ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಓದಬೇಕು: ಯಾವ ದಿನಾಂಕದಿಂದ ಯಾವ ದಿನಾಂಕದೊಳಗೆ ಎನ್ನುವುದು ಒಂದು, ಒಟ್ಟು ಎಷ್ಟು ದಿನ ಇರಬಹುದು ಎನ್ನುವುದು ಇನ್ನೊಂದು. ದಿನಾಂಕ ಉಳಿದಿದ್ದರೂ ದಿನಗಳು ಮುಗಿದಿದ್ದರೆ ಹೊರಡಲೇಬೇಕು. ಒಳಬಂದ ದಿನವೂ ಹೊರಟ ದಿನವೂ ಎಣಿಕೆಗೆ ಸೇರುತ್ತವೆ, ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ‘ಇಷ್ಟವಾದರೆ ಇನ್ನೂ ನಾಲ್ಕು ದಿನ ಇರೋಣ’ ಎನ್ನುವ ಮನಸ್ಸಿದ್ದರೆ ಆ ನಾಲ್ಕು ದಿನವನ್ನು ಅರ್ಜಿ ಹಾಕುವಾಗಲೇ ಸೇರಿಸಿ ಕೇಳಬೇಕು. ಪಾಸ್‌ಪೋರ್ಟ್‌ಗೆ ಪ್ರವಾಸದ ನಂತರವೂ ಆರು ತಿಂಗಳು ಆಯಸ್ಸು ಇರಲಿ. ಹಲವು ದೇಶಗಳು ಅಷ್ಟನ್ನು ಕೇಳುತ್ತವೆ.

ಎರಡನೆಯದು, ಜನರ ಸಂಖ್ಯೆಗೆ ಮಿತಿ ಇರುವ ಜಾಗಗಳು. ಪೆರುವಿನಲ್ಲಿ ಮಾಚು ಪಿಚುವಿಗೆ ಹೋಗುವ ನಡಿಗೆಯ ದಾರಿಯಾದ ಇಂಕಾ ಟ್ರೇಲ್‌ಗೆ ದಿನಕ್ಕೆ 500 ಪರವಾನಗಿ ಮಾತ್ರ, ಅದರಲ್ಲೇ ಮಾರ್ಗದರ್ಶಕರೂ ಹಮಾಲಿಗಳೂ ಸೇರಿದ್ದಾರೆ, ಫೆಬ್ರುವರಿಯಲ್ಲಿ ದಾರಿಯೇ ಮುಚ್ಚಿರುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ನಾಟ್ಸಿಗಳಿಂದ ಅಡಗಿ ದಿನಚರಿ ಬರೆದ ಆನ್ ಫ್ರ್ಯಾಂಕ್ ಮನೆಯ ಟಿಕೆಟ್ ಆನ್‌ಲೈನ್‌ನಲ್ಲಷ್ಟೇ ಸಿಗುತ್ತದೆ, ಆರು ವಾರ ಮುಂಚಿತವಾಗಿ ಮಂಗಳವಾರಗಳಂದು ಬಿಡುಗಡೆಯಾಗುತ್ತದೆ. ಮಿಲಾನ್‌ನಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಕೊನೆಯ ಭೋಜನದ ಚಿತ್ರದ ಮುಂದೆ ಸಣ್ಣ ಗುಂಪಿಗೆ 15 ನಿಮಿಷ ಕೊಡುತ್ತಾರೆ. ಇಂಥದ್ದು ಒಂದು ಪ್ರವಾಸಕ್ಕೆ ಒಂದು, ಹೆಚ್ಚೆಂದರೆ ಎರಡು ಇರಲಿ. ಮೂರಾದರೆ ಅವುಗಳ ನಡುವಿನ ದಿನಗಳೆಲ್ಲ ಅವುಗಳ ಸೇವೆಗೆ ನಿಲ್ಲುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ನಿರ್ಧರಿಸಲು ಒಂದು ಒರೆಗಲ್ಲಿದೆ: ಆ ಜಾಗದ ಒಂದೇ ಒಂದು ಚಿತ್ರವನ್ನೂ ತೆಗೆಯುವಂತಿಲ್ಲ ಎಂದರೂ ಹೋಗುತ್ತಿದ್ದಿರಾ?

ಮೂರನೆಯದು ಮೊದಲ ಎರಡು ರಾತ್ರಿಗಳ ಕೋಣೆ. ದೂರದಿಂದ ಬಂದು ಇಳಿದ ದಿನ ತಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ತೆಗೆದುಕೊಂಡ ತೀರ್ಮಾನವೇ ಪ್ರವಾಸದ ಅತಿ ದುಬಾರಿ ತೀರ್ಮಾನವಾಗುತ್ತದೆ. ದಾಟಿದ ಒಂದೊಂದು ಕಾಲವಲಯಕ್ಕೂ ಮೈ ಸರಿಹೋಗಲು ಸುಮಾರು ಒಂದು ದಿನ ಬೇಕು. ಪೂರ್ವಕ್ಕೆ ಹೋಗುವಾಗ ಕಷ್ಟ ಹೆಚ್ಚು, ಏಕೆಂದರೆ ನಮ್ಮೊಳಗಿನ ಗಡಿಯಾರದ ಸಹಜ ಸುತ್ತು 24 ಗಂಟೆಗಿಂತ ತುಸು ಉದ್ದ. ತಡವಾಗಿ ಮಲಗುವುದು ಅದಕ್ಕೆ ಸಲೀಸು, ಬೇಗ ಮಲಗುವುದು ಬಲವಂತ. ಹೀಗಾಗಿ ಐದಾರು ಕಾಲವಲಯ ದಾಟಿ ಪೂರ್ವಕ್ಕೆ ಹೋದವರು ಮೊದಲ ಬಿಡಾರದಲ್ಲಿ ನಾಲ್ಕು ರಾತ್ರಿಗಿಂತ ಕಡಿಮೆ ಇರುವುದು ಸರಿಯಲ್ಲ.

ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಆ ಊರಿನ ಪಂಚಾಂಗ. ಹೋಗುವ ದಿನಗಳಲ್ಲಿ ಅಲ್ಲಿ ಹಬ್ಬ, ಸಾರ್ವಜನಿಕ ರಜೆ, ವ್ಯಾಪಾರ ಮೇಳ, ಮ್ಯಾರಥಾನ್, ವಿಶ್ವವಿದ್ಯಾಲಯದ ಘಟಿಕೋತ್ಸವ ಏನಾದರೂ ಇದೆಯೇ ಎಂದು ನೋಡಿ. ಇದ್ದರೆ ಆ ರಾತ್ರಿಗಳನ್ನು ಮಾತ್ರ ಮುಂಚೆ ಕಾಯ್ದಿರಿಸಿ, ಇಲ್ಲವೇ ಅಲ್ಲಿಂದ ದೂರ ಇರಿ. ವಿಹಾರದ ಊರುಗಳಲ್ಲಿ ಶುಕ್ರವಾರ ಮತ್ತು ಶನಿವಾರದ ರಾತ್ರಿ ತುಂಬಿ ತುಳುಕುತ್ತದೆ, ಭಾನುವಾರದಿಂದ ಗುರುವಾರದವರೆಗೆ ಸುಲಭ. ವ್ಯಾಪಾರ, ಕಚೇರಿಗಳ ನಗರಗಳಲ್ಲಿ ಇದು ತಲೆಕೆಳಗು: ವಾರದ ನಡುವೆ ಕೋಣೆಗೆ ಬೇಡಿಕೆ, ವಾರಾಂತ್ಯಕ್ಕೆ ಖಾಲಿ ಮತ್ತು ಅಗ್ಗ. ಈ ಎರಡು ಲಯಗಳನ್ನು ಹೊಂದಿಸಿಕೊಂಡರೆ ಮುಂಗಡವಿಲ್ಲದೆಯೂ ವಾರಾಂತ್ಯ ನಗರದಲ್ಲಿ, ವಾರದ ದಿನ ಹಳ್ಳಿಗಾಡಿನಲ್ಲಿ ಕಳೆಯಬಹುದು. ಕಾಯ್ದಿರಿಸದ ಊರಿಗೆ ಮಧ್ಯಾಹ್ನದೊಳಗೇ ತಲುಪಿ. ಕತ್ತಲಾದ ಮೇಲೆ ಚೀಲ ಹೊತ್ತು ನಿಂತವರಿಗೆ ಆಯ್ಕೆ ಎಂಬುದು ಉಳಿದಿರುವುದಿಲ್ಲ.

ಇಷ್ಟು ಭದ್ರವಾದ ಮೇಲೆ ಉಳಿದದ್ದು ಬಿಡಾರದ ಊರನ್ನು ಆರಿಸುವುದು. ಪ್ರವಾಸ ಹಸನಾಗುವುದೋ ಹಾಳಾಗುವುದೋ ಬಹುಮಟ್ಟಿಗೆ ಈ ಒಂದು ಆಯ್ಕೆಯಿಂದಲೇ.

ಅತಿ ಪ್ರಸಿದ್ಧ ಸ್ಥಳದಲ್ಲೇ ಬೀಡುಬಿಡುವುದು ಸಾಮಾನ್ಯ ತಪ್ಪು. ಅಲ್ಲಿ ಕೋಣೆಯ ದರ ಹೆಚ್ಚು, ಸಂಜೆಯಾದರೆ ಊರಿನವರೇ ಕಾಣಿಸುವುದಿಲ್ಲ, ಅಂಗಡಿಗಳೆಲ್ಲ ಪ್ರವಾಸಿಗರಿಗಾಗಿಯೇ ಇರುತ್ತವೆ. ಅದಕ್ಕಿಂತ ಅರ್ಧ ಅಥವಾ ಮುಕ್ಕಾಲು ಗಂಟೆ ದೂರದ, ಸಾಧಾರಣ ಗಾತ್ರದ, ಶಾಲೆಯೂ ಸಂತೆಯೂ ಆಸ್ಪತ್ರೆಯೂ ಇರುವ ಊರು ಬೇಕು. ಅಂಥ ಊರು ಪ್ರವಾಸಿಗರಿಲ್ಲದಿದ್ದರೂ ಬದುಕುತ್ತದೆ, ಆದ್ದರಿಂದ ಅಲ್ಲಿ ನೋಡುವುದಕ್ಕೆ ಏನಾದರೂ ಇದ್ದೇ ಇರುತ್ತದೆ. ರೈಲು ಅಥವಾ ಬಸ್ಸಿನ ವೇಳಾಪಟ್ಟಿಯಲ್ಲಿ ಅಲ್ಲಿಂದ ಎಷ್ಟು ದಿಕ್ಕಿಗೆ ದಾರಿ ಹೊರಡುತ್ತದೆ ಎಂದು ಎಣಿಸಿ. ಮೂರು ದಿಕ್ಕಾದರೂ ಇರಬೇಕು. ಒಂದೇ ದಿಕ್ಕಿನ ಊರಿನಲ್ಲಿ ಮೂರನೇ ದಿನದಿಂದ ಅದೇ ದಾರಿಯಲ್ಲಿ ಹೋಗಿ ಬರುವುದೇ ಆಗುತ್ತದೆ. ಆಮೇಲೆ ನಕ್ಷೆಯಲ್ಲಿ 30, 60 ಮತ್ತು 90 ನಿಮಿಷದಲ್ಲಿ ಮುಟ್ಟಬಹುದಾದ ಜಾಗಗಳನ್ನು ಮೂರು ವೃತ್ತಗಳಾಗಿ ಗುರುತು ಹಾಕಿ. ಮನಸೆಳೆಯುವ ಜಾಗಗಳಲ್ಲಿ ಅರ್ಧಕ್ಕಿಂತ ಹೆಚ್ಚು 60ರ ಒಳಗೆ ಬಂದರೆ ಅದು ಒಳ್ಳೆಯ ಬಿಡಾರ. 90ರ ಆಚೆಗಿನದು ದಿನದ ಪ್ರವಾಸಕ್ಕೆ ತಕ್ಕದ್ದಲ್ಲ, ಹೋಗಿಬರುವುದೇ ಮೂರು ಗಂಟೆ.

ಇಂಥ ಊರು ಹುಡುಕಲು ಒಂದು ಸಿದ್ಧ ಪಟ್ಟಿಯೂ ಇದೆ. ಇಟಲಿಯಲ್ಲಿ 1986ರಲ್ಲಿ ಕಾರ್ಲೊ ಪೆಟ್ರಿನಿ ಮೊದಲಾದವರು ಶುರುಮಾಡಿದ ಫಾಸ್ಟ್ ಫುಡ್‌ಗೆ ಎದುರಾದ ಸ್ಲೋ ಫುಡ್ ಚಳವಳಿಯ ಜಾಡಿನಲ್ಲೇ 1999ರಲ್ಲಿ ಚಿತ್ತಾಸ್ಲೋ ಎಂಬ ಊರುಗಳ ಒಕ್ಕೂಟ ಹುಟ್ಟಿತು. ಗ್ರೆವೆ, ಒರ್ವಿಯೆತೊ, ಬ್ರಾ, ಪೊಸಿತಾನೊ ಅದನ್ನು ಕಟ್ಟಿದ ನಾಲ್ಕು ಊರುಗಳು. 50,000ಕ್ಕಿಂತ ಕಡಿಮೆ ಜನವಸತಿಯ ಊರುಗಳಿಗೆ ಮಾತ್ರ ಅಲ್ಲಿ ಸದಸ್ಯತ್ವ. ಸದ್ದು, ವಾಹನ, ಸ್ಥಳೀಯ ಉತ್ಪನ್ನ, ನಡೆದಾಡುವ ಅನುಕೂಲ ಇವನ್ನೆಲ್ಲ ಅಳೆದು ಸೇರಿಸಿಕೊಳ್ಳುತ್ತಾರೆ. ಬಸವನಹುಳು ಅದರ ಗುರುತು. ಈಗ ಹಲವು ಖಂಡಗಳಲ್ಲಿ ಸದಸ್ಯ ಊರುಗಳಿವೆ. ಪೊಸಿತಾನೊದಂತೆ ಕೆಲವು ಈಗಾಗಲೇ ಜನಜಂಗುಳಿಯ ತಾಣಗಳು, ಆದ್ದರಿಂದ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಹೆಸರು ಕೇಳದ ಊರುಗಳನ್ನು ಹೆಕ್ಕಲು ಅದು ಒಳ್ಳೆಯ ಜರಡಿ.

ಕೋಣೆ ನೋಡುವಾಗ ಅಂದಕ್ಕಿಂತ ಮೊದಲು ವಿಚಾರಿಸಬೇಕಾದದ್ದು ನಿಲ್ದಾಣಕ್ಕೆ ನಡೆಯುವ ದೂರ. ಹದಿನೈದು ನಿಮಿಷ ಮೀರಬಾರದು, ಏಕೆಂದರೆ ವಾರದಲ್ಲಿ ಅದನ್ನು ಹನ್ನೆರಡು ಸಲ ನಡೆಯುತ್ತೀರಿ. ಬಟ್ಟೆ ಒಗೆಯುವ ಅನುಕೂಲ, ಒಂದು ಒಲೆ, ಕೂತು ಓದಲು ಬೆಳಕಿರುವ ಮೂಲೆ ಇರಲಿ. ಇಡೀ ಮನೆಯನ್ನು ಬಾಡಿಗೆಗೆ ಹಿಡಿದರೆ ಶುಚಿಗೊಳಿಸುವ ಶುಲ್ಕ ಸಾಮಾನ್ಯವಾಗಿ ಒಂದು ವಾಸ್ತವ್ಯಕ್ಕೆ ಇಷ್ಟು ಎಂದಿರುತ್ತದೆ. ಎರಡು ರಾತ್ರಿ ಇದ್ದರೆ ಅದರ ಅರ್ಧ ಒಂದೊಂದು ರಾತ್ರಿಯ ತಲೆಗೆ ಬೀಳುತ್ತದೆ, ಏಳು ರಾತ್ರಿ ಇದ್ದರೆ ಏಳನೇ ಒಂದು ಪಾಲು. ಜೊತೆಗೆ ಏಳು ರಾತ್ರಿಗೆ, 28 ರಾತ್ರಿಗೆ ರಿಯಾಯಿತಿ ಕೊಡುವವರು ಬಹಳ. ಕೆಲವೊಮ್ಮೆ ಆರು ರಾತ್ರಿಗಿಂತ ಏಳು ರಾತ್ರಿಯ ಒಟ್ಟು ಮೊತ್ತವೇ ಕಡಿಮೆ, ಎರಡನ್ನೂ ಹಾಕಿ ನೋಡಿ.

ಇಷ್ಟವಾದರೆ ವಾಸ್ತವ್ಯ ಮುಂದುವರಿಸುವ ವಿಚಾರದಲ್ಲಿ ಒಂದು ಎಚ್ಚರಿಕೆ. ಹೊರಡುವ ದಿನ ಬೆಳಿಗ್ಗೆ ಕೇಳಿದರೆ ಕೋಣೆ ಆಗಲೇ ಬೇರೆಯವರ ಹೆಸರಿನಲ್ಲಿರುತ್ತದೆ. ಎರಡನೇ ದಿನ ಬೆಳಿಗ್ಗೆಯೇ ಕೇಳಿ. ಅಷ್ಟರಲ್ಲಿ ಊರು ಹಿಡಿಸಿತೋ ಇಲ್ಲವೋ ಗೊತ್ತಾಗಿರುತ್ತದೆ. ಹಿಡಿಸದಿದ್ದರೂ ಅದೇ ದಿನ ತೀರ್ಮಾನಿಸಿ. ಆದ್ದರಿಂದಲೇ ಮೊದಲು ಮೂರು ರಾತ್ರಿಗೆ ಹಿಡಿದು ಆಮೇಲೆ ಏಳಕ್ಕೆ ಬೆಳೆಸುವುದು, ಅಥವಾ ಏಳಕ್ಕೆ ಹಿಡಿದರೂ ರದ್ದತಿಯ ನಿಯಮವನ್ನು ಓದಿಟ್ಟುಕೊಳ್ಳುವುದು ಜಾಣತನ. ‘ಉಚಿತ ರದ್ದತಿ’ ಎಂದಿದ್ದರೂ ಗಡುವು ಆ ಊರಿನ ಸಮಯದಲ್ಲಿರುತ್ತದೆ, ನಿಮ್ಮ ಮನೆಯ ಗಡಿಯಾರದಲ್ಲಲ್ಲ. ಮತ್ತು ವಾಸ್ತವ್ಯ ಶುರುವಾದ ಮೇಲೆ ಉಳಿದ ರಾತ್ರಿಗಳಿಗೆ ಅದು ಹೆಚ್ಚಾಗಿ ಅನ್ವಯಿಸುವುದಿಲ್ಲ.

ದಿನ ಹೇಗೆ ಕಳೆಯಬೇಕು? ಒಂದು ಪುಟದಲ್ಲಿ ಮೂರು ಕಂಬ ಎಳೆದು ‘ಬಿಸಿಲು’, ‘ಮಳೆ’, ‘ದಣಿವು’ ಎಂದು ಬರೆದುಕೊಳ್ಳಿ. ಓದುವಾಗ ಕಣ್ಣಿಗೆ ಬಿದ್ದ ಜಾಗಗಳನ್ನು ತಕ್ಕ ಕಂಬಕ್ಕೆ ಹಾಕುತ್ತ ಹೋಗಿ. ಒಂದೊಂದರ ಪಕ್ಕದಲ್ಲೂ ವಾರದ ರಜೆ, ಒಳಬಿಡುವ ಕೊನೆಯ ಹೊತ್ತು, ಮರಳುವ ಕೊನೆಯ ಬಸ್ಸು, ಈ ಮೂರನ್ನು ಮಾತ್ರ ಬರೆಯಿರಿ. ವಾರದ ರಜೆ ಎಲ್ಲ ಕಡೆ ಒಂದೇ ಅಲ್ಲ. ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತದೆ. ಪ್ಯಾರಿಸ್‌ನ ಲೂವ್ರ್‌ಗೆ ಮಂಗಳವಾರ ರಜೆ, ಅದೇ ಊರಿನ ಓರ್ಸೆ ಮ್ಯೂಸಿಯಂಗೆ ಸೋಮವಾರ. ಜಪಾನಿನ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ, ಆ ಸೋಮವಾರ ಸಾರ್ವಜನಿಕ ರಜೆಯಾದರೆ ಅವು ಅವತ್ತು ತೆರೆದಿದ್ದು ಮಂಗಳವಾರ ಮುಚ್ಚುತ್ತವೆ. ಮುಚ್ಚುವ ಸಮಯ ಐದು ಎಂದರೆ ಒಳಬಿಡುವುದು ನಾಲ್ಕೂವರೆಗೋ ನಾಲ್ಕಕ್ಕೋ ನಿಂತಿರುತ್ತದೆ. ಇಷ್ಟೇ ಯೋಜನೆ. ದಿನಾಂಕ ಬರೆಯಬೇಡಿ. ಪ್ರತಿ ಸಂಜೆ ಹದಿನೈದು ನಿಮಿಷ ಕೂತು ಮುನ್ಸೂಚನೆ ನೋಡಿ ಮರುದಿನದ ಕಂಬವನ್ನು ಆರಿಸಿ, ಅದರಿಂದ ಒಂದೇ ಜಾಗವನ್ನು ಎತ್ತಿಕೊಳ್ಳಿ. ಎರಡನೆಯದು ತಾನಾಗಿ ಸಿಕ್ಕರೆ ಸಿಗಲಿ.

ಒಂದೇ ಜಾಗ ಎಂದಾಗ ಹಲವರಿಗೆ ಮೋಸ ಹೋದಂತೆ ಅನ್ನಿಸುತ್ತದೆ. ‘ಅಷ್ಟು ದೂರ ಬಂದು ಇಷ್ಟೇನಾ?’ ಇಲ್ಲಿ ಬೆಳಗಿನ ಹೊತ್ತಿನ ಮಹಿಮೆ ತಿಳಿಯಬೇಕು. ಹತ್ತಿರದ ಊರಿನಲ್ಲಿ ಉಳಿದವರು ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬಲ್ಲರು. ದೂರದಿಂದ ಬರುವ ಟೂರ್ ಬಸ್ಸುಗಳು ಮುಟ್ಟುವುದು ಸುಮಾರು ಹತ್ತರ ಮೇಲೆ, ತೆರವಾಗುವುದು ನಾಲ್ಕರ ಹೊತ್ತಿಗೆ. ಆ ಎರಡು ತುದಿಯ ಗಂಟೆಗಳಲ್ಲಿ ಅದೇ ಕೋಟೆ, ಅದೇ ಗುಡಿ, ಅದೇ ಕಡಲತೀರ ಬೇರೆಯೇ ಜಾಗವಾಗಿರುತ್ತದೆ. ಅದನ್ನು ಹತ್ತಿರದಲ್ಲಿ ಬಿಡಾರ ಹೂಡಿದವರಷ್ಟೇ ನೋಡುತ್ತಾರೆ.

ನಡಿಗೆಯ ದಿನಗಳಿಗೆ ಹಳೆಯದಾದರೂ ಕೈಬಿಡದ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು: ಗಂಟೆಗೆ 5 ಕಿಲೋಮೀಟರ್, ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿಯಲ್ಲಿ 600 ಮೀಟರ್ ಏರಿದ್ದರೆ 2 ಗಂಟೆ 24 ನಿಮಿಷ ಮತ್ತು ಒಂದು ಗಂಟೆ, ಅಂದರೆ 3 ಗಂಟೆ 24 ನಿಮಿಷ. ಇದು ಗಟ್ಟಿಗರು ನಿಲ್ಲದೆ ನಡೆದರೆ. ಕೂರುವುದು, ನೋಡುವುದು, ದಾರಿ ತಪ್ಪುವುದು ಸೇರಿಸಿ ಅದರ ಮೇಲೆ ಮೂರನೇ ಒಂದು ಪಾಲನ್ನಾದರೂ ಕೂಡಿಸಿ, ನಾಲ್ಕೂವರೆ ಗಂಟೆ ಎಂದು ಹಿಡಿಯಿರಿ. ಹೊರಡುವ ಮುಂಚೆಯೇ ಯಾವ ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಎಂದು ತೀರ್ಮಾನಿಸಿಕೊಳ್ಳಿ, ಅದು ಸೂರ್ಯಾಸ್ತಕ್ಕಿಂತ ಎರಡು ಗಂಟೆ ಮುಂಚೆ ಬಿಡಾರ ತಲುಪಿಸುವಂತಿರಲಿ. ಬೆಟ್ಟದ ಬುಡದಿಂದ ಬಸ್ಸಿದ್ದರೆ ಕೊನೆಯ ಬಸ್ಸನ್ನು ನಂಬಿ ಕೂರಬೇಡಿ, ಅದರ ಹಿಂದಿನದಕ್ಕೆ ಗುರಿಯಿಡಿ. ಅದು ತಪ್ಪಿದರೆ ಕೊನೆಯದು ಇದೆ, ಕೊನೆಯದೇ ತಪ್ಪಿದರೆ ಏನೂ ಇಲ್ಲ. ಭಾನುವಾರ ಮತ್ತು ಶಾಲಾ ರಜೆಯಲ್ಲಿ ಹಳ್ಳಿಯ ಬಸ್ಸುಗಳು ಅರ್ಧಕ್ಕರ್ಧ ಕಡಿಮೆಯಾಗುವುದುಂಟು. ವೇಳಾಪಟ್ಟಿಯ ಕೆಳಗಿನ ಸಣ್ಣ ಅಕ್ಷರದಲ್ಲಿ ಅದನ್ನು ಹೇಳಿರುತ್ತಾರೆ, ಆ್ಯಪ್ ಕೆಲವೊಮ್ಮೆ ಹೇಳುವುದಿಲ್ಲ. ನಿಲ್ದಾಣದ ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ದಿನಕ್ಕೂ ಮೂವತ್ತು ದಿನಕ್ಕೂ ಬೇಕಾಗುವ ಬಟ್ಟೆ ಒಂದೇ, ಆರು ದಿನದ್ದು. ಒಂದೆಡೆ ನಿಂತವರಿಗೆ ಒಗೆಯಲು ಹೊತ್ತಿರುತ್ತದೆ. 35ರಿಂದ 40 ಲೀಟರ್ ಚೀಲ, 7ರಿಂದ 9 ಕಿಲೋ ಸಾಕು. ಒಗೆದ ಬಟ್ಟೆಯನ್ನು ಒಣ ಟವೆಲ್ ಮೇಲೆ ಹರಡಿ, ಸುರುಳಿ ಸುತ್ತಿ, ಎರಡೂ ತುದಿ ಹಿಡಿದು ಬಲವಾಗಿ ಹಿಂಡಿದರೆ ನೀರೆಲ್ಲ ಟವೆಲ್ಲಿಗೆ ಹೋಗುತ್ತದೆ, ತೆಳುವಾದ ಸಿಂಥೆಟಿಕ್ ಬಟ್ಟೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಜೀನ್ಸ್ ಒಣಗುವುದಿಲ್ಲ, ಬಿಟ್ಟುಬನ್ನಿ. ಔಷಧಿಯಲ್ಲಿ ಮಾತ್ರ ಜಿಪುಣತನ ಬೇಡ. ಪ್ರವಾಸದ ದಿನಗಳ ಮೇಲೆ ಒಂದು ವಾರಕ್ಕೆ ಹೆಚ್ಚಿಗೆ ಇರಲಿ, ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಲ್ಲದೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ದೇಶ ಬದಲಾದರೆ ಬ್ರ್ಯಾಂಡ್ ಬದಲಾಗುತ್ತದೆ.

ಏನೆಲ್ಲ ಕೆಡುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ನಿಧಾನದ ಪ್ರವಾಸದಲ್ಲಿ ಮೂರನೇ ಅಥವಾ ನಾಲ್ಕನೇ ದಿನ ಬೇಸರ ಬರುತ್ತದೆ. ಬಂದೇ ಬರುತ್ತದೆ. ಮೊದಲೆರಡು ದಿನದ ಹೊಸತನ ಇಳಿದಿರುತ್ತದೆ, ಊರಿನ ಪರಿಚಯ ಇನ್ನೂ ಆಗಿರುವುದಿಲ್ಲ. ಆ ನಡುವಿನ ಖಾಲಿಯಲ್ಲಿ ಕೈ ಫೋನಿಗೆ ಹೋಗುತ್ತದೆ, ಫೋನು ‘ಪಕ್ಕದ ಊರಿನಲ್ಲಿ ನೋಡಲೇಬೇಕಾದ ಹತ್ತು ಜಾಗ’ ತೋರಿಸುತ್ತದೆ, ಮರುದಿನ ಬೆಳಿಗ್ಗೆ ಚೀಲ ಕಟ್ಟಿ ಆಗಿರುತ್ತದೆ. ಒಂದು ದಿನ ತಾಳಿ. ಹೊಸದೇನನ್ನೂ ಹುಡುಕದೆ, ಮೊದಲ ದಿನ ನೋಡಿದ ಜಾಗಕ್ಕೇ ಬೇರೆ ಹೊತ್ತಿನಲ್ಲಿ ಹೋಗಿ. ಸಂಜೆ ಕಂಡ ಬಂದರನ್ನು ದೋಣಿಗಳು ಮರಳುವ ನಸುಕಿನಲ್ಲಿ, ಮಧ್ಯಾಹ್ನ ಕಂಡ ಚೌಕವನ್ನು ಸಂತೆಯ ಬೆಳಿಗ್ಗೆ. ಎರಡನೇ ಸಲ ಹೋದಾಗ ಅಂಗಡಿಯವರು ಗುರುತು ಹಿಡಿಯುತ್ತಾರೆ, ಮಾತು ಶುರುವಾಗುತ್ತದೆ. ಯಾವ ಮಾರ್ಗದರ್ಶಿಯಲ್ಲೂ ಇಲ್ಲದ ವಿಷಯ ತಿಳಿಯುವುದು ಈ ಎರಡನೇ ಭೇಟಿಯಲ್ಲಿ. ಬೇಸರವಲ್ಲ, ಊರೇ ಹಿಡಿಸಿಲ್ಲ ಎನ್ನುವುದಾದರೆ ಅದರ ಲಕ್ಷಣ ಬೇರೆ: ರಾತ್ರಿ ಸದ್ದಿನಿಂದ ನಿದ್ದೆಯಿಲ್ಲ, ಕತ್ತಲಾದ ಮೇಲೆ ನಡೆಯಲು ಅಂಜಿಕೆ, ಎಲ್ಲಿಗೆ ಹೋಗಲೂ ಗಂಟೆಗಟ್ಟಲೆ ಕಾಯಬೇಕು. ಇದರಲ್ಲಿ ಎರಡು ಇದ್ದರೆ ಕೊಟ್ಟ ಹಣದ ಮುಖ ನೋಡದೆ ಹೊರಡಿ.

ಜೊತೆಯಲ್ಲಿ ಬಂದವರ ನಡುವಿನ ಮನಸ್ತಾಪ ಇನ್ನೊಂದು ತೊಡಕು. ಯೋಜನೆಯಿಲ್ಲದ ದಿನದಲ್ಲಿ ಪ್ರತಿ ಗಂಟೆಯೂ ‘ಈಗೇನು ಮಾಡೋಣ?’ ಎಂಬ ಪ್ರಶ್ನೆ ಎದ್ದರೆ ಸಂಜೆಯೊಳಗೆ ಜಗಳ. ದಿನಕ್ಕೊಬ್ಬರು ತೀರ್ಮಾನಿಸಲಿ, ಉಳಿದವರು ಹಿಂಬಾಲಿಸಲಿ ಅಥವಾ ಬಿಡಾರದಲ್ಲೇ ಉಳಿಯಲಿ. ನಾಲ್ಕು ದಿನಕ್ಕೊಮ್ಮೆ ಎಲ್ಲರೂ ಬೇರೆಬೇರೆ ತಿರುಗಿ ರಾತ್ರಿ ಊಟಕ್ಕೆ ಸೇರಲಿ. ಮಕ್ಕಳಿಗೂ ಹಿರಿಯರಿಗೂ ಒಂದೇ ಹಾಸಿಗೆ, ಒಂದೇ ಬಚ್ಚಲು, ಗೊತ್ತಿರುವ ದಾರಿ ಇದ್ದರೆ ಅರ್ಧ ಕಷ್ಟ ಕಳೆದಂತೆ. ಮಧ್ಯಾಹ್ನ ಮರಳಿ ಬಂದು ಮಲಗಲು ಆಗುವುದು ಬಿಡಾರ ಹತ್ತಿರವಿದ್ದರೆ ಮಾತ್ರ, ಆದ್ದರಿಂದ ಅವರಿದ್ದಾಗ 30 ನಿಮಿಷದ ವೃತ್ತವನ್ನು ದಾಟಬೇಡಿ.

ರಜೆಯೇ ನಾಲ್ಕು ದಿನ ಇರುವವರು ಇದನ್ನೆಲ್ಲ ಹೇಗೆ ಮಾಡುವುದು ಎಂದು ಕೇಳುತ್ತಾರೆ. ಕಡಿಮೆ ದಿನವಿದ್ದಷ್ಟೂ ಬಿಡಾರ ಬದಲಿಸುವ ಖರ್ಚು ದುಬಾರಿ. ನಾಲ್ಕು ದಿನದಲ್ಲಿ ಆರು ಗಂಟೆ ಎಂದರೆ ಹತ್ತರಲ್ಲಿ ಒಂದು ಪಾಲು. ಒಂದೇ ಊರು, ಮನೆಯಿಂದ ನಾಲ್ಕು ಗಂಟೆಯೊಳಗಿನದು, ಒಂದೇ ಕೋಣೆ. ಅಷ್ಟೇ.

ಕೊನೆಯ ರಾತ್ರಿ ಹೊರಡುವ ವಿಮಾನ ಅಥವಾ ರೈಲಿನ ಊರಿನಲ್ಲೇ ಇರಲಿ. ಪ್ರವಾಸದ ನಡುವೆ ಒಂದು ರೈಲು ತಪ್ಪಿದರೆ ಆ ಊರಿನ ಇನ್ನೊಂದು ಸಂಜೆ ಸಿಕ್ಕಿತು ಎಂದುಕೊಳ್ಳಬಹುದು, ಕೊನೆಯ ದಿನ ತಪ್ಪಿದರೆ ಹಾಗೆನ್ನಲು ಆಗುವುದಿಲ್ಲ. ದೂರದ ಬಿಡಾರದಿಂದ ಹಿಂದಿನ ದಿನ ಬೆಳಿಗ್ಗೆಯೇ ಹೊರಟುಬಿಡಿ. ಕೆಲಸಕ್ಕೆ ಮರಳುವ ಮುಂಚೆ ಮನೆಯಲ್ಲಿ ಒಂದು ಪೂರ್ತಿ ದಿನ ಸಿಗುವಂತೆ ಟಿಕೆಟ್ ತೆಗೆಯಿರಿ, ಅದಕ್ಕಾಗಿ ಪ್ರವಾಸದ ಒಂದು ದಿನ ಕಡಿಮೆಯಾದರೂ ಸರಿ. ಮೂರು ಕಂಬದ ಆ ಪುಟದಲ್ಲಿ ನೋಡದೆ ಉಳಿದ ಜಾಗಗಳು ಹತ್ತಾರು ಇರುತ್ತವೆ. ಪುಟವನ್ನು ಎಸೆಯಬೇಡಿ, ಅದೇ ಬಿಡಾರದ ವಿಳಾಸವನ್ನು ಅದರ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.